ಟವೆಲ್ಲಿನಡಿಯ ಮೂರು ಕೊಟೇಶನ್

ನಮ್ಮೂರ ಮುದಕಪ್ಪ ಅಮೀನಗಡ ಕುರಿ ಸಂತೆಯ ದಲ್ಲಾಳಿ. ಅವನ ಹೆಗಲ ಮೇಲೊಂದು ಟವೆಲ್ಲಿದೆ. ಅಂಗಡಿಯಿಂದ ಬಂದಾಗ ಅದು ಬಿಳಿಯದಾಗಿತ್ತೆಂದು ಹಿರಿಯರು ಹೇಳುತ್ತಾರೆ; ನಾನಂತೂ ನಂಬುವುದಿಲ್ಲ. ಒಮ್ಮೆ ಅವನ ಹೆಂಡತಿ ಹನಮವ್ವ ಧೈರ್ಯ ಮಾಡಿ ಅದನ್ನು ಮಲಪ್ರಭೆಯಲ್ಲಿ ಅದ್ದಿದಳು. ಅಲ್ಲಿಂದ ಕೂಡಲಸಂಗಮದವರೆಗಿನ ಮೀನುಗಳೆಲ್ಲ ಎರಡು ದಿನ 'ಬ್ಯಾ' ಅಂದವು.

ಕುರಿ ಸಂತೆಯಲ್ಲಿ ರೇಟನ್ನು ಬಾಯಿಂದ ಆಡುವುದಿಲ್ಲ. ದಲ್ಲಾಳಿ ಟವೆಲ್ಲು ಹೊದಿಸುತ್ತಾನೆ, ಅದರಡಿಯಲ್ಲಿ ಕೈ ಕೈ ಹಿಡಿದು ಬೆರಳು ಒತ್ತಿ ರೇಟು ಹೇಳುತ್ತಾರೆ. ಮೇಲೆ ನೋಡಿದರೆ ಇಬ್ಬರೂ ಮಳೆಯ ಮಾತು, ಬೀಗರ ಮಾತು ಆಡುತ್ತಿರುತ್ತಾರೆ. ಕೆಳಗೆ ಟಗರಿನ ಹಣೆಬರಹ ತೀರ್ಮಾನವಾಗುತ್ತಿರುತ್ತದೆ. ಒಬ್ಬ ಒತ್ತಿದ್ದನ್ನು ಬಾಯಿಬಿಟ್ಟು ಹೇಳಿದ ದಲ್ಲಾಳಿಯ ಕೈಯನ್ನು ಮರುವಾರದಿಂದ ಯಾರೂ ಹಿಡಿಯುವುದಿಲ್ಲ. ಮುದಕಪ್ಪ ಇಡೀ ಆಯುಷ್ಯದಲ್ಲಿ ಒಂದು ರೇಟನ್ನೂ ನಾಲಿಗೆಗೆ ತಂದವನಲ್ಲ. ಮನೆಯಲ್ಲೂ ಅದೇ ಕಾನೂನು.

"ಸೀರಿ ಎಷ್ಟಕ್ಕ ತಂದಿ ಅಂತ ಕೇಳಿದ್ರ ನನ್ನ ಮುಂದೂ ಟವೆಲ್ಲ ಹಾಸ್ತಾನ್ರೀ ಈ ಮನಷ್ಯಾ!" ಎಂದು ಹನಮವ್ವ ಕಟ್ಟೆಯ ಮೇಲೆ ಕೂತವರಿಗೆಲ್ಲ ಹೇಳಿಕೊಂಡು ನಗುತ್ತಾಳೆ.

ಇಂಥವನನ್ನು ನಾವು ಸರಕಾರಿ ಶಾಲೆಯ ಅಭಿವೃದ್ಧಿ ಸಮಿತಿಗೆ ಅಧ್ಯಕ್ಷನನ್ನಾಗಿ ಮಾಡಿದೆವು. ಅವನ ಕೊನೆಯ ಮಗಳು ಜಯಶ್ರೀ ಅಲ್ಲೇ ಓದುತ್ತಿದ್ದಳು. ಶಾಲೆಯಲ್ಲಿ ಬೆಂಚಿರಲಿಲ್ಲ. ನೆಲಕ್ಕೆ ಹಾಸಿದ ಪರಸಿಗಲ್ಲಿನ ಮೇಲೆ ಕೂತು ಕೂತು ಮಕ್ಕಳ ಚಡ್ಡಿಗಳೆಲ್ಲ ಸವೆದುಹೋಗಿದ್ದವು. ಹಿಂದೆ ತೂತಿಲ್ಲದ ಚಡ್ಡಿ ಕಂಡರೆ ಅವನು ಬೇರೆ ಊರಿನ ಹುಡುಗ ಎಂದೇ ಲೆಕ್ಕ. ಕೊನೆಗೊಮ್ಮೆ ಬೆಂಚಿಗೆಂದು ಅನುದಾನ ಬಂತು. ಮಾರ್ಚ್ ಮುಗಿಯುವುದರೊಳಗೆ ಖರೀದಿ ತೀರ್ಮಾನವಾಗದಿದ್ದರೆ ಹಣ ಬಂದ ದಾರಿಯಲ್ಲೇ ವಾಪಸ್ಸು.

ಮುಖ್ಯೋಪಾಧ್ಯಾಯಿನಿ ಕಸ್ತೂರಿ ಅಕ್ಕೋರು ಅವನನ್ನು ಕೂರಿಸಿಕೊಂಡು ನಿಯಮ ತಿಳಿಸಿದರು. "ನೋಡ್ರಿ ಮುದಕಪ್ಪನವರ, ಬೆಂಚ್ ಮಾಡೋ ಮೂರು ಮಂದಿ ಕಡಿಂದ ರೇಟು ತರಬೇಕು. ಒಬ್ಬರದು ಇನ್ನೊಬ್ಬರಿಗೆ ಗೊತ್ತಾಗಬಾರದು. ಎಲ್ಲಾ ಮುಚ್ಚಿರಬೇಕು. ಕಡಿಮಿ ಹೇಳಿದವ್ರಿಗೆ ಕೆಲಸ."

ಮುದಕಪ್ಪನ ಕಣ್ಣಲ್ಲಿ ನೀರೇ ಬಂತು. "ಅಕ್ಕೋರ, ಸರಕಾರದಾಗೂ ನಮ್ಮ ಸಂತಿ ಮಂದಿನ ಕುಂತಾರ ಬಿಡ್ರಿ!"

ಇಷ್ಟು ಬೇಗ ನಿಯಮ ಅರ್ಥಮಾಡಿಕೊಂಡ ಅಧ್ಯಕ್ಷನನ್ನು ಕಂಡು ಅಕ್ಕೋರಿಗೂ ಸಂತೋಷವಾಯಿತು. ತಪ್ಪಾದದ್ದು ಅಲ್ಲೇ.

ಮಾರ್ಚ್ ತಿಂಗಳ ಕೊನೆಯ ದಿನ ಮುದಕಪ್ಪ ಎದೆಯುಬ್ಬಿಸಿಕೊಂಡು ಶಾಲೆಗೆ ಬಂದ. "ಮೂರೂ ಕೊಟೇಶನ್ ತಂದೇನ್ರಿ."

"ಎಲ್ಲಿ, ಕೊಡ್ರಿ."

ಅವನು ಖಾಲಿ ಅಂಗೈ ಚಾಚಿದ. "ಮುಚ್ಚಿ ತಗೊಂಡೇನ್ರಿ, ಟವೆಲ್ಲಿನ ಅಡಿ. ಅಲ್ಲಾಸಾಬಂದು ಕಡಿಮಿ ಐತಿ. ಅವಗ ಕೊಟ್ಟಬಿಡ್ರಿ."

"ಕಡಿಮಿ ಅಂದ್ರ ಎಷ್ಟು?"

"ಅದನ್ನ ಹೇಳಂಗಿಲ್ರಿ."

ಅಕ್ಕೋರು ತಲೆಯ ಮೇಲೆ ಕೈ ಹೊತ್ತು ಕೂತರು. ಅಷ್ಟರಲ್ಲಿ ಕಡತ ನೋಡಲು ಮೇಲಿನ ಕಚೇರಿಯ ಸಾಹೇಬರೊಬ್ಬರು ಜೀಪಿನಿಂದ ಇಳಿದರು. ಸಂಗತಿ ಕೇಳಿ ಅವರ ಕನ್ನಡಕ ತಾನಾಗಿ ಹಣೆಗೇರಿತು.

"ಸಂಜಿ ಒಳಗ ಮೂರು ಲಕೋಟಿ ಇಲ್ಲಾ ಅಂದ್ರ ರೊಕ್ಕ ವಾಪಸ್! ರೇಟು ಹೇಳ್ರಿ, ಬರ್ಕೋತೇನಿ."

"ಬಾಯಿಲೆ ಹೇಳಿದ್ರ ನಾಳಿ ಸಂತ್ಯಾಗ ನನ್ನ ಕೈ ಯಾರ ಹಿಡಿತಾರ್ರೀ ಸಾಹೇಬ್ರ? ಕೊಳ್ಳವ್ರಿಗೆ ಬೆರಳಲೆ ಹೇಳಬಹುದು. ಕೈ ಕೊಡ್ರಿ."

ಪೆನ್ನು ಬಿಟ್ಟು ಬೇರೇನನ್ನೂ ಹಿಡಿಯದ ಮೆತ್ತನೆಯ ಬಲಗೈಯನ್ನು ಸಾಹೇಬರು ಟವೆಲ್ಲಿನಡಿ ಹಾಕಿದರು. ಮುದಕಪ್ಪ ಒತ್ತಿದ. ಆ ಸಪ್ಪಳ ಐಹೊಳೆಗೆ ಕೇಳಿಸಿ, ಅಲ್ಲಿಯ ಗೈಡು ಯಾವುದೋ ಕಂಬ ಮುರಿಯಿತೆಂದು ಪ್ರವಾಸಿಗರನ್ನೆಲ್ಲ ಗುಡಿಯಿಂದ ಹೊರಗೆ ಓಡಿಸಿದನಂತೆ.

"ತಿಳೀತ್ರ್ಯಾ?" ಎಂದ ಮುದಕಪ್ಪ.

"ತಿಳೀತು," ಎಂದರು ಸಾಹೇಬರು, ಕೈಗೆ ಉಫ್ ಉಫ್ ಎಂದು ಊದಿಕೊಳ್ಳುತ್ತ. "ಎಲುಬು ಎಲ್ಲೆಲ್ಲಿ ಅದಾವು ಅನ್ನೂದು ತಿಳೀತು."

ಅಕ್ಕೋರು ಮೂವರಿಗೂ ಫೋನು ಹಚ್ಚಿ ಕರೆಸಿದರು: ಅಮೀನಗಡದ ಬಡಿಗ ಅಲ್ಲಾಸಾಬ, ಹುನಗುಂದದ ಬಡಿಗ ಲಕ್ಷ್ಮಣ, ನವನಗರದಲ್ಲಿ ಫರ್ನಿಚರ್ ಅಂಗಡಿಯಿಟ್ಟ ಪ್ರಭುಲಿಂಗ. ಬಂದವರ ಮುಂದೆ ಕಾಗದ, ಲಕೋಟೆ ಇಟ್ಟು, "ನಿಮ್ಮ ನಿಮ್ಮ ರೇಟು ನೀವ ಬರೀರಿ" ಅಂದರು. ಇಷ್ಟಕ್ಕೆ ಮುಗಿಯಬೇಕಿತ್ತು. ಆದರೆ ಅಲ್ಲಾಸಾಬ ಪೆನ್ನು ಮುಟ್ಟಲಿಲ್ಲ.

"ಮುದಕಪ್ಪ ಕಾಕಾನ ಕೈಯಾಗ ಕೊಟ್ಟಾಗೇತ್ರಿ ಮಾತು. ಮತ್ತ ಕಾಗದದ ಮ್ಯಾಲೆ ಬರದ್ರ ಕಾಕಾನ ಕೈ ಸುಳ್ಳು ಅಂದಂಗಾಗ್ತೇತಿ."

"ಖರೆ ಐತಿ," ಎಂದ ಲಕ್ಷ್ಮಣ.

ಪ್ರಭುಲಿಂಗನ ಚಿಂತೆ ಬೇರೆ. "ಇಲ್ಲಿರೂದು ಒಂದ ಟೇಬಲ್. ನಾ ಬರಿಯೂದನ್ನ ಇವರಿಬ್ರೂ ಇಣಿಕಿ ನೋಡ್ತಾರ್ರಿ!"

"ನಿನ್ನ ಮೋತಿ ನೋಡೂದ ಸಾಕಾಗೇತಲೇ, ಇನ್ನ ನಿನ್ನ ರೇಟು ಯಾರ್ ನೋಡ್ತಾರ!" ಎಂದ ಲಕ್ಷ್ಮಣ, ಕುತ್ತಿಗೆಯನ್ನು ಆ ಕಡೆಗೇ ಉದ್ದ ಮಾಡುತ್ತ.

ಹೊತ್ತು ಇಳಿಯುತ್ತಿತ್ತು. ಸಾಹೇಬರು ಜೀಪಿನ ಕಡೆ ನೋಡಿದರು. ಎಲ್ಲರೂ ಮುದಕಪ್ಪನ ಕಡೆ ನೋಡಿದರು. ಮುದಕಪ್ಪ ಮಾತ್ರ ಕಿಟಕಿಯಾಚೆ ನೋಡುತ್ತಿದ್ದ. ಅಲ್ಲಿ ಜಯಶ್ರೀ ಪರಸಿಯ ಮೇಲೆ ಬೋರಲಾಗಿ, ಮೂಗು ನೋಟ್‌ಬುಕ್ಕಿಗೆ ತಾಗಿಸಿಕೊಂಡು ಬರೆಯುತ್ತಿದ್ದಳು. ಅವನು ಹೆಗಲ ಮೇಲಿನ ಟವೆಲ್ಲು ತೆಗೆದು ಕೊಡವಿದ. ಕೋಣೆಯಲ್ಲಿ ಒಂದು ಹಿಂಡು ಕುರಿ ಹಾದುಹೋದಂತಾಯಿತು. ಆಮೇಲೆ ಅದನ್ನು ಟೇಬಲ್ಲಿನ ಮೇಲೆ, ಕಾಗದದ ಮೇಲೆ ಹೊದಿಸಿದ.

"ಒಬ್ಬೊಬ್ಬರ ಬರ್ರಿ. ಕೈನೂ ಒಳಗ, ಪೆನ್ನೂ ಒಳಗ. ಬೆರಳ ಬದ್ಲಿ ಪೆನ್ನ ಒತ್ತರಿ. ಟವೆಲ್ಲಿನ ಅಡಿ ಆದದ್ದೆಲ್ಲಾ ನಮ್ಮ ಯಾಪಾರನ. ನನ್ನ ಕೈ ಸುಳ್ಳಾಗಂಗಿಲ್ಲ."

ಅಲ್ಲಾಸಾಬನ ಮುಖ ಅರಳಿತು. "ಹಂಗಾದ್ರ ತಕರಾರಿಲ್ಲ ಕಾಕಾ!"

"ಬಟ್ಟಿ ಹೊಚ್ಚಿ ಬರೆಯೂದು ಯಾವ ನಿಯಮದಾಗ ಐತಿ?" ಎಂದು ಸಾಹೇಬರು ಕೂಗಿದರು.

"ಬರೀಬಾರ್ದು ಅಂತ ಯಾವುದ್ರಾಗ ಐತ್ರಿ?" ಎಂದರು ಕಸ್ತೂರಿ ಅಕ್ಕೋರು, ತಣ್ಣಗೆ.

ಸಾಹೇಬರು ನಿಯಮದ ಪುಸ್ತಕವನ್ನು ಹಿಂದಿನ ರಟ್ಟಿನವರೆಗೂ ತಿರುವಿದರು. ಟವೆಲ್ಲಿನ ಸುದ್ದಿಯೇ ಇರಲಿಲ್ಲ.

ಮೂವರೂ ಕಾಣದೆ ಬರೆದರು. ಲಕ್ಷ್ಮಣನ ಅಕ್ಷರಗಳು ಮಸಿಯಲ್ಲಿ ಬಿದ್ದೆದ್ದ ಇರುವೆಯ ಸಾಲಿನಂತಿದ್ದವು. ಪ್ರಭುಲಿಂಗ ಅರ್ಧ ರೇಟನ್ನು ಕಾಗದದ ಮೇಲೂ ಉಳಿದರ್ಧವನ್ನು ಸರಕಾರಿ ಟೇಬಲ್ಲಿನ ಮೇಲೂ ಬರೆದು, ಮತ್ತೆ ಒಳಗೆ ಕೈ ಹಾಕಿ ಮೊದಲಿನಿಂದ ಬರೆದ. ಬರೆದದ್ದನ್ನು ಅಲ್ಲೇ ಲಕೋಟೆಗೆ ತುರುಕಿ ಅಂಟಿಸಿದರು.

ಅಕ್ಕೋರು ಎಲ್ಲರೆದುರು ಮೊದಲ ಲಕೋಟೆ ಒಡೆದು ಓದಲು ಬಾಯಿ ತೆರೆದದ್ದೇ ತಡ, ಮುದಕಪ್ಪ ಟವೆಲ್ಲನ್ನು ಎರಡೂ ಕಿವಿಗೆ ಸುತ್ತಿಕೊಂಡು ಹೊರಗೆ ಓಡಿದ. ರೇಟನ್ನು ಒಬ್ಬರು ಬಾಯಿಬಿಟ್ಟು ಕೂಗುವುದನ್ನು ಅವನ ಜೀವ ತಡೆಯದು. ಬೇವಿನ ಮರದಡಿ ಮೈ ಮುದುಡಿಕೊಂಡು ನಿಂತಿದ್ದವನನ್ನು ಅಲ್ಲಾಸಾಬನೇ ಹೋಗಿ ಅಲುಗಾಡಿಸಿ, "ಕಾಕಾ, ಮುಗೀತು. ನಂದ ಕಡಿಮಿ" ಎಂದ.

"ಅದು ನನಗ ಗೊತ್ತಿಲ್ಲೇನಲೇ?" ಎಂದ ಮುದಕಪ್ಪ.

ಸಾಹೇಬರು ಮಂಜೂರಾತಿಗೆ ಎಡಗೈಯಲ್ಲಿ ಸಹಿ ಹಾಕಿ ಹೋದರು. ಬಲಗೈ ಆಗಲೇ ಬದನೆಕಾಯಿಯಾಗಿತ್ತು.

ಬೆಂಚುಗಳು ಬಂದ ದಿನ ಮುದಕಪ್ಪ ಒಂದೊಂದರ ಬೆನ್ನು ಸವರಿದ, ಪಕ್ಕೆ ತಟ್ಟಿದ, ಕಾಲೆತ್ತಿ ನೋಡಿದ. ಹಲ್ಲು ಹುಡುಕಿ ಸಿಗದೆ ಸ್ವಲ್ಪ ಅನುಮಾನವನ್ನೂ ಪಟ್ಟ. "ಇದು ಕುಂಟತೈತಿ" ಎಂದು ಒಂದನ್ನು ಅಲ್ಲಾಸಾಬನಿಗೆ ವಾಪಸ್ಸು ಹೊಡೆದ. ಜಯಶ್ರೀ ಮೊದಲ ಬೆಂಚಿನಲ್ಲಿ ಕೂತು ಕಾಲು ಜೋತುಬಿಟ್ಟು ಆಡಿಸುತ್ತಿದ್ದಳು.

ನಿಯಮದಂತೆ ಮೂವರ ರೇಟನ್ನೂ ಶಾಲೆಯ ಗೋಡೆಗೆ ಅಂಟಿಸಿದರು. ಊರಿನ ಕೂಸುಗಳಿಗೂ ಅದು ಬಾಯಿಪಾಠವಾಯಿತು. ಆ ಮಧ್ಯಾಹ್ನ ರೊಟ್ಟಿ ನೀಡುತ್ತ ಹನಮವ್ವ ಬೇಕಂತಲೇ ಕೇಳಿದಳು: "ಬೆಂಚ್ ಒಂದಕ್ಕ ಎಷ್ಟ ಬಿತ್ತು?"

ಮುದಕಪ್ಪ ತುತ್ತು ಬಿಟ್ಟು, ಕೈ ಒರೆಸಿಕೊಂಡು, ಟವೆಲ್ಲು ಹಾಸಿದ. "ಕೈ ತಾ."

"ಯಪ್ಪಾ, ಬ್ಯಾಡ!" ಹನಮವ್ವ ಎರಡೂ ಕೈಗಳನ್ನು ಸೆರಗಿನೊಳಗೆ ಬಚ್ಚಿಟ್ಟುಕೊಂಡಳು. "ನಾಳಿ ರೊಟ್ಟಿ ಬಡೀಬೇಕು. ನಾ ಗ್ವಾಡಿ ಮ್ಯಾಲೆ ಓದ್ಕೋತೇನಿ."