ಡಬ್ಬಿಯಲ್ಲಿದ್ದದ್ದು ಆರೇ ಕಿಟಕಿ

ಹೊಳಲ್ಕೆರೆಯ ನಮ್ಮ ಹೊಸ ಮನೆಯ ಮುಂದೆ ಜಟಕಾದಿಂದ ಇಳಿದು ತಲೆ ಎತ್ತಿದವಳೇ "ಓ ಮೈ ಗಾಡ್!" ಎಂದು ಕಿರುಚಿದೆನಂತೆ. ನನಗೆ ನೆನಪಿಲ್ಲ. ನಮ್ಮ ಯಜಮಾನರು ಎಷ್ಟೋ ವರ್ಷ ಅದನ್ನು ಅಣಕಿಸಿ ತೋರಿಸುತ್ತಿದ್ದರು, ಹಾಗಾಗಿ ನಿಜವಿರಬೇಕು. ಕಂಕುಳಲ್ಲಿ ಮೂರು ತಿಂಗಳ ಮಗು. ಎದುರಿಗೆ, ನಾನು ಹೆರಿಗೆಗೆ ಹಿರಿಯೂರಿನ ತವರಿಗೆ ಹೋಗುವಾಗ ಬರೀ ಪಾಯವಾಗಿದ್ದ ಮನೆ. ಈಗ ಅದಕ್ಕೆ ಗೋಡೆ, ಬಾಗಿಲು, ತಾರಸಿ ಎಲ್ಲ ಬಂದಿತ್ತು. ತಾರಸಿಯ ಕೈಪಿಡಿ ಗೋಡೆಯ ಮೇಲೆ ಈ ತುದಿಯಿಂದ ಆ ತುದಿಯವರೆಗೆ ಗಾರೆಯಲ್ಲಿ ಮಾಡಿದ ಗುಂಡನೆಯ ಉಂಡೆಗಳು, ಎರಡೆರಡು ಸಾಲು. ಗೋಡೆಯ ನಡುವೆ ಸುತ್ತಲೂ ಒಂದು ಗೇಣಗಲ ಗಾರೆಯನ್ನೇ ಮಾಡದೆ ಕೆಂಪು ಇಟ್ಟಿಗೆ ಹಾಗೇ ಬಿಟ್ಟಿದ್ದರು.

ರಸ್ತೆಯಲ್ಲಿ ಹೋಗುತ್ತಿದ್ದ ಒಬ್ಬ ಹೆಂಗಸು ನಿಂತು, "ಬೋಂಡದ ಮನೆಯೋರು ನೀವೇ ಏನವ್ವ?" ಎಂದಳು.

ನಾನು ಊರಿಗೆ ಕಾಲಿಡುವ ಮೊದಲೇ ಮನೆಗೆ ಹೆಸರಾಗಿಬಿಟ್ಟಿತ್ತು.

ಇದಕ್ಕೆಲ್ಲ ಕಾರಣ ನಾನೇ. ಇನ್ನೂ ಫ್ರ್ಯಾಂಕಾಗಿ ಹೇಳಬೇಕೆಂದರೆ ನನ್ನ ಹಾಬಿ. ಎಪ್ಪತ್ತರ ದಶಕದ ನಡುವಿನ ಮಾತು. ನಮ್ಮ ಯಜಮಾನರು ಚಿಕ್ಕಜಾಜೂರಿನ ರೈಲ್ವೆ ಪಾರ್ಸಲ್ ಆಫೀಸಿನಲ್ಲಿ ಕ್ಲರ್ಕು, ನಾವಿದ್ದದ್ದು ಕ್ವಾರ್ಟರ್ಸಿನಲ್ಲಿ. ಮದುವೆಯಾದ ಹೊಸತರಲ್ಲಿ ಬೆಂಗಳೂರಿಗೆ ಹೋದಾಗ ನನ್ನ ಅಣ್ಣನ ಮಗನಿಗೆಂದು ಒಂದು ಡಬ್ಬಿ ಪ್ಲಾಸ್ಟಿಕ್ ಇಟ್ಟಿಗೆ ಕೊಂಡೆ. ಬೆರಳಿನ ಗಾತ್ರದ ಇಟ್ಟಿಗೆಗಳು. ಒಂದೊಂದರ ನೆತ್ತಿಯ ಮೇಲೂ ಎಂಟು ಪುಟ್ಟ ಉಬ್ಬುಗಳು, ಕೆಳಗೆ ಪೊಳ್ಳು. ಒಂದನ್ನು ಇನ್ನೊಂದರ ಮೇಲೆ ಒತ್ತಿದರೆ ಟಕ್ ಎಂದು ಕೂರುತ್ತಿತ್ತು. ರೈಲಿನಲ್ಲಿ ಸುಮ್ಮನೆ ನೋಡೋಣವೆಂದು ಮುಚ್ಚಳ ತೆಗೆದೆ. ಬೀರೂರು ಬರುವಷ್ಟರಲ್ಲಿ ನನ್ನ ಮಡಿಲಲ್ಲಿ ಒಂದು ಗೋಡೆ, ಒಂದು ಬಾಗಿಲು ಎದ್ದಿದ್ದವು. ಅಣ್ಣನ ಮಗನಿಗೆ ಕೊನೆಗೆ ಒಂದು ಪೀಪಿ ಕೊಟ್ಟು ಪಾರಾದೆ.

ಆಮೇಲೆ ಬೆಂಗಳೂರಿಗೆ ಯಾರು ಹೋದರೂ ಒಂದು ಡಬ್ಬಿ ತರಿಸುವುದು ರೂಢಿಯಾಯಿತು. ಬಿಳಿಯವನ್ನು ಒಂದು ಬಿಸ್ಕತ್ತಿನ ಟಿನ್ನಿನಲ್ಲಿ, ಕೆಂಪನ್ನು ಇನ್ನೊಂದರಲ್ಲಿ ತುಂಬಿಡುತ್ತಿದ್ದೆ. ಸ್ಟೇಷನ್ನಿನ ನೀರಿನ ಟ್ಯಾಂಕು ಮಾಡಿದೆ, ಸಿಗ್ನಲ್ ಕ್ಯಾಬಿನ್ ಮಾಡಿದೆ, ನಾನು ಓದಿದ ಕಾನ್ವೆಂಟಿನ ಪುಟ್ಟ ಚಾಪೆಲ್ ಮಾಡಿದೆ. ದುರ್ಗದ ಕೋಟೆಯ ಬುರುಜಿಗೆ ಕೈ ಹಾಕಿ ಸೋತೆ. ಚೌಕದ ಇಟ್ಟಿಗೆಯಲ್ಲಿ ಗುಂಡನೆಯ ಗೋಡೆ ಬರಲೊಲ್ಲದು. ನಮ್ಮ ಸಿಸ್ಟರ್‌ಗಳು "ಎವ್ರಿ ಲೇಡಿ ಮಸ್ಟ್ ಹ್ಯಾವ್ ಎ ಹಾಬಿ" ಎಂದು ಹೇಳಿಕೊಟ್ಟಿದ್ದರು. ಪಾಪ, ಅವರ ಮನಸ್ಸಿನಲ್ಲಿದ್ದದ್ದು ಕ್ರೋಶಾ. ಕ್ವಾರ್ಟರ್ಸಿನ ಹೆಂಗಸರಿಗಂತೂ ಇಪ್ಪತ್ತಾರು ವರ್ಷದ ಹೆಂಗಸು ನೆಲದ ಮೇಲೆ ಬೋರಲು ಮಲಗಿ ಆಟದ ಸಾಮಾನು ಜೋಡಿಸುವುದು ನೋಡಿ ಗಾಬರಿ.

"ಮಕ್ಳಾಗಿದ್ರೆ ಸರಿಹೋಗ್ತಿತ್ತು ಬಿಡ್ರಿ" ಎಂದು ಒಬ್ಬಾಕೆ ನಮ್ಮ ಅತ್ತೆಗೆ ಸಮಾಧಾನ ಹೇಳಿದಳು.

"ಸರಿಹೋಗಾಕೆ ಏನು ಕೆಟ್ಟೈತೆ ಈಗ?" ಎಂದರು ಅತ್ತೆ. "ನಿನ್ನಂಗೆ ಮಂದಿ ಮನಿ ಬಾಗ್ಲಾಗೆ ಕುಂತಿಲ್ಲಲ್ಲ, ಅಷ್ಟು ಸಾಕು."

ಅತ್ತೆ ಶ್ರೀರಾಂಪುರದ ಕಡೆಯ ಕುರಿ ಕಾಯುವ ಮನೆತನದವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ನಾನು ಇಂಗ್ಲಿಷ್ ಪೇಪರು ಓದುವಾಗ ಸದ್ದಾಗದಂತೆ ಪಾತ್ರೆ ಇಡುತ್ತಿದ್ದರು. ಅದೇನೋ ಪೂಜೆ ಎಂಬಂತೆ. ಓದಿದವರು ತಪ್ಪು ಮಾಡುತ್ತಾರೆಂಬುದು ಅವರ ಲೆಕ್ಕಕ್ಕೇ ಬಾರದ ಸಂಗತಿ. ಇದು ನನಗೆ ಆಗ ತಮಾಷೆಯಾಗಿ ಕಾಣುತ್ತಿತ್ತು, ಸ್ವಲ್ಪ ಹೆಮ್ಮೆಯಾಗಿಯೂ.

ಒಂದು ವಿಷಯದಲ್ಲಿ ಮಾತ್ರ ಅತ್ತೆ ಯಾರ ಮಾತೂ ಕೇಳುತ್ತಿರಲಿಲ್ಲ. ನನ್ನ ಸೀಮೆಎಣ್ಣೆ ಸ್ಟವ್ ಅವರಿಗೆ ಆಗದು. "ರಾಗಿ ಮುದ್ದಿಗೆಲ್ಲಾ ಅದರ ನಾತ ಹಿಡೀತೈತೆ" ಎಂದು ಸೌದೆ ಒಲೆಯ ಮುಂದೆಯೇ ಕೂರುತ್ತಿದ್ದರು. ಕ್ವಾರ್ಟರ್ಸಿನ ಅಡಿಗೆಮನೆಯಲ್ಲಿ ಹೊಗೆ ಹೋಗಲು ದಾರಿ ಇರಲಿಲ್ಲ. ಅವರ ಕಣ್ಣು ಯಾವಾಗಲೂ ಕೆಂಪು, ಯಾವಾಗಲೂ ನೀರು. ದುರ್ಗದ ಕಣ್ಣಿನ ಡಾಕ್ಟರು ನಮ್ಮನ್ನು ಪಕ್ಕಕ್ಕೆ ಕರೆದು, ಹೀಗೇ ಹೊಗೆಯಲ್ಲಿ ಕೂತರೆ ಇರುವ ನೋಟವೂ ಹೋಗುತ್ತದೆ ಎಂದಿದ್ದರು. ಆದ್ದರಿಂದ ಹೊಳಲ್ಕೆರೆಯಲ್ಲಿ ಸೈಟು ಕೊಂಡ ದಿನ ಅತ್ತೆ ಕೇಳಿದ್ದು ಒಂದೇ.

"ನನಗೆ ದೇವರ ಮನಿ ಬ್ಯಾಡ, ಜಗಲಿ ಬ್ಯಾಡ. ಅಡಿಗಿಮನಿಗೆ ಒಂದು ಕಿಟಕಿ ಇರ್ಲವ್ವ. ಅಷ್ಟೇಯ."

"ಷೂರ್ ಅತ್ತೆ, ದೊಡ್ಡದೇ ಇಡಿಸೋಣ" ಎಂದೆ.

ಗಾರೆ ಮೇಸ್ತ್ರಿ ಅತ್ತೆಯ ಊರಿನ ಕಡೆಯವನೇ, ಕೈ ಬಲು ಚೊಕ್ಕಟ. ಆದರೆ ಇಂಜಿನಿಯರು ಬರೆದುಕೊಟ್ಟ ನೀಲಿ ಕಾಗದದ ಪ್ಲಾನನ್ನು ಅವನ ಮುಂದೆ ಹರಡಿದರೆ ಒಂದು ಸಲ ಹೀಗೆ, ಒಂದು ಸಲ ಹಾಗೆ ತಿರುಗಿಸಿ ಕೆಳಗಿಟ್ಟ. "ಇದು ಮೇಲಿಂದ ನೋಡಿದ್ದಾ, ಕೆಳಗಿಂದ ನೋಡಿದ್ದಾ ಸಾಮಿ?" ಎಂದ. ಅವನ ಕಣ್ಣು ಅಷ್ಟರಲ್ಲಿ ಮೂಲೆಯ ಸ್ಟೂಲಿನ ಮೇಲೆ ಬಿದ್ದಿತ್ತು. ಅಲ್ಲಿ ನಾನು ಮೂರು ವಾರದಿಂದ ಕಟ್ಟುತ್ತಿದ್ದ ನಮ್ಮ ಮನೆಯ ಮಾಡೆಲ್ ಇತ್ತು. ಪ್ಲಾನಿನ ಪ್ರಕಾರವೇ ಹಾಲ್, ಎರಡು ರೂಮು, ಅಡಿಗೆಮನೆ, ಬಚ್ಚಲು. ಮೇಲೆ ಎತ್ತಿಡಬಹುದಾದ ರಟ್ಟಿನ ತಾರಸಿ.

ಅವನು ರಟ್ಟು ಎತ್ತಿ ಒಳಗೆ ಇಣುಕಿದ. ಬೆರಳು ಬಿಟ್ಟು ರೂಮಿನಿಂದ ರೂಮಿಗೆ ನಡೆಸಿದ. "ಅಕ್ಕಾರೆ, ಇದನ್ನ ಕೊಡ್ರಿ ನನಗೆ. ಇದು ನೋಡ್ಕಂಡು ಕಣ್ಣು ಮುಚ್ಚಿ ಕಟ್ತೀನಿ. ಒಂದು ಗುಬುಟಿಗೆ ಒಂದು ಮೊಳ, ಆಗಬಹುದಾ?" ಎಂದು ಇಟ್ಟಿಗೆಯ ಮೇಲಿನ ಉಬ್ಬನ್ನು ಮುಟ್ಟಿ ತೋರಿಸಿದ.

ನನಗೆ ಆದ ಖುಷಿ ಹೇಳತೀರದು. ನಾನು ಮಾಡಿದ್ದನ್ನು ಆಟ ಎನ್ನದ ಮೊದಲ ಮನುಷ್ಯ ಅವನು. ನಮ್ಮ ಯಜಮಾನರು ಗುಬುಟು ಎಣಿಸಿ, ಪ್ಲಾನಿಗೆ ತಾಳೆ ನೋಡಿ, ಹೆಚ್ಚುಕಮ್ಮಿ ಸರಿಹೋಗುತ್ತದೆ ಎಂದರು. ಕೊಟ್ಟೇಬಿಟ್ಟೆ.

ಕೊಡುವಾಗ ನನಗೆ ಚೆನ್ನಾಗಿ ಗೊತ್ತಿತ್ತು, ಅದರ ಅಡಿಗೆಮನೆಗೆ ಕಿಟಕಿ ಇರಲಿಲ್ಲ. ನನ್ನ ಎಲ್ಲ ಡಬ್ಬಿಗಳಲ್ಲಿ ಸೇರಿ ಇದ್ದದ್ದು ಆರೇ ಕಿಟಕಿ. ಆ ಆರನ್ನೂ ನಾನು ರಸ್ತೆಯ ಕಡೆಗೆ, ಬಾಗಿಲಿನ ಎರಡೂ ಪಕ್ಕಕ್ಕೆ ಮೂರು ಮೂರು ಇಟ್ಟಿದ್ದೆ. ಮುಂದಿನಿಂದ ನೋಡಿದರೆ ಬಂಗಲೆ! ಬಿಳಿ ಇಟ್ಟಿಗೆ ಸಾಲದೆ ನಡುವೆ ಒಂದು ವರಸೆ ಕೆಂಪು ಹಾಕಿದ್ದೆ. ಹಿಂದಿನ ಗೋಡೆ ಬೋಳು. ಅದನ್ನು ಬಾಯಿಮಾತಿನಲ್ಲಿ ಮೇಸ್ತ್ರಿಗೆ ಹೇಳಿದರಾಯಿತು ಎಂದುಕೊಂಡಿದ್ದೆ. ಆಗ ನನಗೆ ಏಳು ತಿಂಗಳು. ತವರಿನಿಂದ ಅಪ್ಪ ಕರೆಯಲು ಬಂದರು, ಮಡಿಲು ತುಂಬಿದರು, ಬಸ್ಸು ಹತ್ತಿಸಿದರು. ಹಿರಿಯೂರು ತಲುಪಿದ ಮೇಲೆ ಕಾಲು ಊದಿತು, ಊಟ ಸೇರಲಿಲ್ಲ, ಮಗು ಅಡ್ಡವಾಗಿದೆ ಎಂದರು, ಆಮೇಲೆ ತಾನೇ ತಿರುಗಿತು. ಆ ಐದಾರು ತಿಂಗಳಲ್ಲಿ ಕಿಟಕಿ ಒಂದೇ ಒಂದು ದಿನ ನನ್ನ ನೆನಪಿಗೆ ಬರಲಿಲ್ಲ.

ಬೋಂಡಗಳ ಕೆಳಗೆ ನಿಂತಾಗ ಬಂತು.

ಮಗುವನ್ನು ಯಜಮಾನರ ಕೈಗೆ ಹಾಕಿ ಒಳಗೆ ಓಡಿದೆ. ಮೇಸ್ತ್ರಿ ಸಂಭ್ರಮದಿಂದ ಹಿಂದೆಯೇ ಬಂದ. "ನೋಡ್ರಿ ಅಕ್ಕಾರೆ, ಒಂದು ಗುಬುಟು ಹೆಚ್ಚುಕಮ್ಮಿ ಆಗಿದ್ರೆ ಕೇಳ್ರಿ. ಮ್ಯಾಲಿನ ಗುಬುಟಿಗೆ ತೆಂಗಿನ ಚಿಪ್ಪಿನಾಗೆ ಗಾರೆ ಒತ್ತಿ ಒತ್ತಿ ಇಟ್ಟೀನಿ. ಯಾರ ಮನಿಗೂ ಇಲ್ಲ ಅಂಥದ್ದು!" ಹಾಲಿನಲ್ಲಿ ಬೆಳಕು ಚೆಲ್ಲಿತ್ತು, ಆರೂ ಕಿಟಕಿಗಳಿಂದ. ಅಡಿಗೆಮನೆಯ ಬಾಗಿಲಲ್ಲಿ ನನ್ನ ಕಾಲು ತಾನಾಗಿ ನಿಂತಿತು. ಒಳಗೆ ಕತ್ತಲೆ. ಮಟಮಟ ಮಧ್ಯಾಹ್ನ, ಒಳಗೆ ಕತ್ತಲೆ. ಮೂರು ಕಡೆ ನುಣ್ಣನೆಯ ಗೋಡೆ. ಮೂಲೆಯಲ್ಲಿ ಹೊಸ ಮಣ್ಣಿನ ಒಲೆ. ಅದರ ಮುಂದೆ ಅತ್ತೆ ಕುಳಿತು ಊದುಗೊಳವೆಯಲ್ಲಿ ಊದುತ್ತಿದ್ದರು. ಬಾಣಂತಿಗೆ ಬಿಸಿ ಅನ್ನವಾಗಬೇಕಲ್ಲ! ಹೊಗೆಯಲ್ಲಿ ಅವರ ಮುಖವೇ ಸರಿಯಾಗಿ ಕಾಣುತ್ತಿರಲಿಲ್ಲ.

"ಬಂದ್ಯಾ ತಾಯಿ? ಕೂಸು ಎಲ್ಲಿ?" ಎಂದು ತಿರುಗಿದರು. ನಾನಿದ್ದ ಕಡೆಗಲ್ಲ, ನನಗಿಂತ ಒಂದು ಮಾರು ಆಚೆಗೆ.

"ಕಿಟಕಿ ಎಲ್ಲಿ?" ಎಂದು ಮೇಸ್ತ್ರಿಯ ಮೇಲೆ ಹಾರಿಬಿದ್ದೆ. ಆ ಕಾಲಕ್ಕೆ ನನಗೆ ಕೋಪ ಬಂದರೆ ಕನ್ನಡ ಹೋಗಿ ಇಂಗ್ಲಿಷ್ ಬರುತ್ತಿತ್ತು, "ಆರ್ ಯು ಬ್ಲೈಂಡ್?" ಎಂದುಬಿಟ್ಟೆ. ಯಾರ ಎದುರಿಗೆ ಯಾವ ಮಾತು! ಅತ್ತೆಗೆ ಅದು ಅರ್ಥವಾಗಲಿಲ್ಲ, ದೇವರು ದೊಡ್ಡವನು.

ಮೇಸ್ತ್ರಿ ಹೊರಗೆ ಹೋಗಿ, ಬಟ್ಟೆಯಲ್ಲಿ ಸುತ್ತಿಟ್ಟಿದ್ದ ನನ್ನ ಮಾಡೆಲ್ ತಂದು ನನ್ನ ಮುಂದೆ ಹಿಡಿದ. ಒಂದು ಇಟ್ಟಿಗೆ ಕಳಚಿರಲಿಲ್ಲ. "ಇದ್ರಾಗೆ ಇಲ್ಲ ಅಕ್ಕಾರೆ. ತೋರಿಸ್ರಿ, ಎಲ್ಲೈತೆ? ನಾನು ಮೂರು ಸಲ ಕೇಳೀನಿ ಅಜ್ಜೀನ. ಗೋಡೆ ಮೊಣಕಾಲಿಗೆ ಬಂದಾಗ ಕೇಳ್ದೆ, ಎದಿಮಟ ಬಂದಾಗ ಕೇಳ್ದೆ, ತಾರಸಿ ಮುಚ್ಚಾ ಮುಂದೂ ಕೇಳ್ದೆ. ಅವರೇ ಬ್ಯಾಡ ಅಂದ್ರು."

ನಾನು ಅತ್ತೆಯ ಕಡೆ ನೋಡಿದೆ.

"ಹೂಂ, ಕೇಳ್ದ" ಎಂದರು ಅತ್ತೆ, ಸೆರಗಿನಿಂದ ಕಣ್ಣು ಒತ್ತಿಕೊಳ್ಳುತ್ತ. "ಸೊಸಿ ಹೆಂಗೆ ಇಟ್ಟಾಳೋ ಹಂಗೇ ಕಟ್ಟಪ್ಪ ಅಂದೆ. ಓದ್ದೋಳು. ನಾನು ಕೇಳಿದ್ದು ಆಕಿಗೆ ಮರ್ತಿರಾದಿಲ್ಲ. ಬ್ಯಾಡ ಅಂತ ಬಿಟ್ಟಾಳೆ ಅಂದ್ರೆ ಏನೋ ಒಂದು ಇರ್ತೈತೆ ಅಂದ್ಕಂಡೆ."

"ನಾನೂ ಕೇಳಿದೆ ಕಣೆ" ಎಂದರು ನಮ್ಮ ಯಜಮಾನರು ಬಾಗಿಲಿನಿಂದ. ಅವರು ಡ್ಯೂಟಿಗೆ ಚಿಕ್ಕಜಾಜೂರಿನಲ್ಲೇ ಉಳಿದು ಭಾನುವಾರ ಮಾತ್ರ ಇಲ್ಲಿಗೆ ಬರುತ್ತಿದ್ದರು. ಕಟ್ಟಡ ನೋಡಿಕೊಳ್ಳಲು ಇಲ್ಲೇ ಇದ್ದವರು ಅತ್ತೆ. "ನೀನು ಸುಮ್ನಿರೋ, ಬಾಣಂತಿ ಮನಸಿಗೆ ಕಿರಿಕಿರಿ ಮಾಡಬ್ಯಾಡ, ಕಾಗದ ಬರೆದಿ ಅಂದ್ರೆ ನೋಡು ಅಂತ ಅವ್ವ ನನ್ನ ಬಾಯಿ ಮುಚ್ಚಿಸಿದ್ಲು."

ಬೋಂಡ ನೋಡಿ ಆದದ್ದು ಏನೂ ಅಲ್ಲ. ನನ್ನ ಜೀವನದ ಶಾಕ್ ಇದು. ಒಬ್ಬ ಹೆಂಗಸು ತನ್ನ ಕಣ್ಣಿಗಾಗಿ ಕೇಳಿದ್ದು ಒಂದೇ ಒಂದು. ಅದನ್ನು ನಾನು ಬೇಕೆಂದೇ ಇಲ್ಲವೆಂದೆ ಎಂದುಕೊಂಡು, ಬೈಯದೆ, ಅಳದೆ, ಆ ಬೋಳು ಗೋಡೆಗೆ ದಿನಾ ಎರಡು ಹೊತ್ತು ಬಾವಿಯಿಂದ ನೀರು ಸೇದಿ ತಂದು ಎರಚಿ ಗಟ್ಟಿ ಮಾಡಿದ್ದರು. ಕಾರಣ ಏನಾಗಿತ್ತು? ಡಬ್ಬಿಯಲ್ಲಿ ಏಳನೆಯ ಕಿಟಕಿ ಇರಲಿಲ್ಲ. ಮೂರು ಕಿಟಕಿ ಒಂದು ಕಡೆ, ಎರಡು ಇನ್ನೊಂದು ಕಡೆ ಇಟ್ಟರೆ ಸಿಮೆಟ್ರಿ ಕೆಡುತ್ತಿತ್ತು.

"ಅತ್ತೆ, ಏನೂ ಇರಲಿಲ್ಲ. ನನ್ನ ಹತ್ತಿರ ಕಿಟಕಿ ಮುಗಿದಿತ್ತು. ಹೇಳೋದು ಮರೆತೆ" ಎಂದೆ.

ಅತ್ತೆ ಊದುಗೊಳವೆ ಕೆಳಗಿಟ್ಟರು. ನಾನು ಆವರೆಗೆ ಕಂಡಿರದ ಬೆರಗು ಆ ಮುಖದಲ್ಲಿತ್ತು.

"ಮರೆತಿ?" ಎಂದರು. "ನೀನು?"

ಅಷ್ಟೇ. ಬೈದಿದ್ದರೆ ಇದಕ್ಕಿಂತ ಹಗುರವಾಗುತ್ತಿತ್ತು.

ಮರುದಿನವೇ ಗೋಡೆ ಒಡೆಯುವುದೆಂದಾಯಿತು. ಮೇಸ್ತ್ರಿಗೆ ಕಸಿವಿಸಿ, ಕಟ್ಟಿದ ಕೈಯಲ್ಲೇ ಕೆಡವಬೇಕಲ್ಲ ಎಂದು. ನಮ್ಮ ಯಜಮಾನರು ಪೆನ್ಸಿಲ್ ತೆಗೆದುಕೊಂಡು ಹಿಂದಿನ ಗೋಡೆಯ ಮೇಲೆ ಎದೆಯೆತ್ತರಕ್ಕೆ ಒಂದು ಚೌಕ ಬರೆದರು. ಸರಿಯಾಗಿದೆ ಎಂದೆ ನಾನು. ಮಾಡೆಲ್ಲಿನಲ್ಲಿ ಕಿಟಕಿ ಇದ್ದಿದ್ದರೆ ನಾನೂ ಅಲ್ಲೇ ಇಡುತ್ತಿದ್ದೆ.

"ಅಲ್ಲಿಟ್ರೆ ನನಗೇನು ಬಂತು?" ಎಂದರು ಅತ್ತೆ.

"ಹೊಗೆ ಮ್ಯಾಲಕ್ಕೇ ಹೋಗ್ತೈತಲ್ಲವ್ವ" ಎಂದರು ಮಗ.

"ಹೊಗಿ ಮ್ಯಾಲೆ ಹೋಗ್ತೈತಪ್ಪ, ಊದಾಕಿ ಕೆಳಗೆ ಕುಂತಿರ್ತಾಳಲ್ಲ!"

ಹೇಳಿ, ಒಲೆಯ ಮುಂದೆ ಎಂದಿನಂತೆ ಕುಳಿತರು. ಒಂದು ತುಂಡು ಇದ್ದಿಲು ಹಿಡಿದು, ಕುಳಿತಲ್ಲಿಂದಲೇ ಕೈ ಚಾಚಿ, ಗೋಡೆಯ ಮೇಲೆ ತಡವಿ ತಡವಿ ಗೆರೆ ಎಳೆದರು. ಕೆಳಗಿನ ಗೆರೆ ನನ್ನ ಮೊಣಕಾಲಿಗಿಂತ ಕೆಳಗೆ. ಮೇಲಿನದು ಅವರ ಕೈ ಎಟುಕಿದಷ್ಟು. ನಾಲ್ಕು ವರ್ಷದಿಂದ ಅವರು ಅಡಿಗೆ ಮಾಡುವುದನ್ನು ನೋಡುತ್ತಲೇ ಇದ್ದೆ. ಅವರು ಕೂತು ಅಡಿಗೆ ಮಾಡುತ್ತಾರೆ ಎಂಬುದು ನನ್ನ ತಲೆಗೆ ಹೊಳೆದೇ ಇರಲಿಲ್ಲ. ಏಳನೆಯ ಕಿಟಕಿ ಡಬ್ಬಿಯಲ್ಲಿ ಇದ್ದಿದ್ದರೂ ಅದು ಅವರ ನೆತ್ತಿಯ ಮೇಲೆ ಇರುತ್ತಿತ್ತು.

ಮೇಸ್ತ್ರಿ ತಲೆ ಕೆರೆದುಕೊಂಡ. "ಅಜ್ಜಿ, ಇಷ್ಟು ಕೆಳಗೆ ಕಿಟಕಿ ಯಾರೂ ಇಡಲ್ಲ. ಬೀದಿ ಕುರಿ ಬಂದು ಇಣುಕ್ತಾವೆ."

"ಇಣುಕ್ಲಿ ಬಿಡಲೇ. ಈ ಮನಿಯಾಗೆ ನನ್ನ ಮಾತು ಕೇಳಾಕೆ ಒಂದಾದ್ರೂ ಬೇಕಲ್ಲ."

ಮೊದಲ ಸಲ ಅವರು ನನ್ನನ್ನು ಚುಚ್ಚಿದ್ದು. ನಮ್ಮ ಯಜಮಾನರು ಹೊರಗೆ ತಿರುಗಿ ನಕ್ಕರು. ಮೇಸ್ತ್ರಿ ಇದ್ದಿಲ ಗೆರೆಯ ಮೇಲೆ ಉಳಿ ಇಟ್ಟು ಬಡಿಯತೊಡಗಿದ. ಹೊಸ ಗೋಡೆ ಬೇಗ ಬಿಟ್ಟುಕೊಟ್ಟಿತು. ಮೊದಲ ತೂತಿನಿಂದ ಬೆಳಕಿನ ಒಂದು ಕೋಲು ನೇರವಾಗಿ ಅತ್ತೆಯ ಮಡಿಲಿಗೆ ಬಿತ್ತು. ಅವರು ಅದರೊಳಗೆ ಅಂಗೈ ಹಿಡಿದು, ಬೆರಳು ಮಡಚಿ ಬಿಚ್ಚಿ ನೋಡಿಕೊಂಡರು.

"ಕಾಣ್ತೈತಾ ಅತ್ತೆ?" ಎಂದೆ.

"ಕೈಯಾಗಿನ ಬಳಿ ಕಾಣ್ತೈತೆ" ಎಂದರು. "ಅತ್ಲಾಗೆ ಸರಿ ಸ್ವಲ್ಪ, ಬೆಳಕಿಗೆ ಅಡ್ಡ ನಿಂತೀಯ."