ಗಿರಿಜತ್ತಿಯ ಗುಳಿಗೆಗಳು

ನೂಲಿಗೆ ಹಚ್ಚುವ ಗಂಜಿಯ ಹುಳಿ ವಾಸನೆ ಎಲ್ಲಿಂದ ತೇಲಿ ಬಂದರೂ ಬೆಟಗೇರಿಯ ನಮ್ಮ ಹಳೆಯ ಮನೆ ಕಣ್ಮುಂದೆ ಬಂದು ನಿಲ್ಲುತ್ತದೆ. ಮನೆ ಹೋದರೂ ಹೋಗದ ಅಂಥದೊಂದು ವಾಸನೆ ನಿಮ್ಮಲ್ಲೂ ಉಳಿದಿರಬಹುದು. ನಡುಮನೆಯ ಮಗ್ಗದ ಕುಣಿಯಲ್ಲಿ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದವಳು ಅಪ್ಪನ ತಂಗಿ ಗಿರಿಜತ್ತಿ. ಅಪ್ಪ ಮಗ್ಗ ಬಿಟ್ಟು ಗದಗಿನ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದರು. ನಾನು ಅದೇ ಶಾಲೆಗೆ ಹೋಗುತ್ತಿದ್ದೆ. ದಿನಾ ಬೆಳಿಗ್ಗೆ ನನಗೆ ಜಡೆ ಹಾಕುವಾಗ ಅತ್ತಿ ಮುಖ ಪಕ್ಕಕ್ಕೆ ತಿರುಗಿಸಿ ಸೆರಗಿನಲ್ಲಿ ಕೆಮ್ಮುವಳು. ನೂಲಿನ ಧೂಳು ಎಂದುಕೊಂಡಿದ್ದೆವು. ದವಾಖಾನೆಯಲ್ಲಿ ಟಿಬಿ ಎಂದರು. ಪೂರ್ತಿ ಆರು ತಿಂಗಳು ಗುಳಿಗೆ ಬಿಡಬಾರದು ಎಂದರು.

ಗುಳಿಗೆ ಶುರುವಾಗಿ ಎರಡು ತಿಂಗಳಿಗೇ ಕೆಮ್ಮು ನಿಂತಿತು, ಕೆನ್ನೆ ತುಂಬಿತು. ಅಷ್ಟರಲ್ಲಿ ಶಿರಹಟ್ಟಿಯಿಂದ ಗಂಡಿನ ಕಡೆಯವರು ಬಂದು ನೋಡಿ ಒಪ್ಪಿದರು. ಮರುದಿನವೇ ಅಜ್ಜಿ ಗುಳಿಗೆಗಳನ್ನು ಬಚ್ಚಿಟ್ಟಳು.

“ಆಕಿ ಆರಾಮ ಆಗ್ಯಾಳ. ಗುಳಿಗಿ ಸುದ್ದಿ ಶಿರಹಟ್ಟಿಗೆ ಮುಟ್ಟಿದ್ರ ಮದುವಿ ಮುರೀತೈತಿ,” ಎಂದಳು.

“ಅವ್ವಾ, ಒಳಗಿನ ಹುಳ ಇನ್ನೂ ಸತ್ತಿಲ್ಲ. ಗಟ್ಟಿ ಇದ್ದವು ಉಳಿದಾವು,” ಎಂದರು ಅಪ್ಪ.

ಅತ್ತಿ ಮಗ್ಗದಿಂದ ತಲೆಯೆತ್ತದೆ, “ಇರ್ಲಿ ಬಿಡಣ್ಣಾ, ನಂಗೇನೂ ಆಗಿಲ್ಲ,” ಎಂದಳು. ಆಗ ನೇಯುತ್ತಿದ್ದದ್ದು ತನ್ನದೇ ಮದುವೆಯ ಸೀರೆ. ಅಪ್ಪ ಚೀಲ ಎತ್ತಿಕೊಂಡು ಶಾಲೆಗೆ ಹೊರಟರು.

ಮಳೆಗಾಲಕ್ಕೆ ಕೆಮ್ಮು ತಿರುಗಿ ಬಂತು, ರಕ್ತ ಕಂಡಿತು. ಅವೇ ಗುಳಿಗೆಗಳನ್ನು ಅಜ್ಜಿ ತಾನೇ ಕೈಯಾರೆ ನುಂಗಿಸಿದಳು, ಏನೂ ನಾಟಲಿಲ್ಲ. ಹುಬ್ಬಳ್ಳಿಯ ಡಾಕ್ಟರು ಅಪ್ಪನನ್ನು ಹೊರಗೆ ಕರೆದು ಹೇಳಿದ್ದನ್ನು ಅಪ್ಪ ಮನೆಗೆ ಬಂದು ಹೇಳಿದರು: ಸಾಧು ಹುಳಗಳು ಮೊದಲೇ ಸತ್ತಿವೆ, ಔಷಧ ತಡೆದುಕೊಂಡ ಕೆಲವು ಉಳಿದು ಮರಿ ಹಾಕಿವೆ, ಈಗ ಒಳಗಿರುವುದು ಅವುಗಳದೇ ಸಂತಾನ. ಅಜ್ಜಿ ಕೇಳಿ ಗೋಡೆಗೆ ಒರಗಿ ಕೂತುಬಿಟ್ಟಳು. ಶಿರಹಟ್ಟಿಯವರು ಬೇರೆ ಹೆಣ್ಣು ತಂದುಕೊಂಡರು. ದೀಪಾವಳಿಗೆ ಮುಂಚೆ ಅತ್ತಿ ತೀರಿಕೊಂಡಳು. ಅರ್ಧ ನೇಯ್ದ ಸೀರೆಯನ್ನು ಮಗ್ಗದಿಂದ ಕತ್ತರಿಸಿ ಅವಳಿಗೆ ಹೊದಿಸಿದರು.

ಆ ವರ್ಷ ನಮ್ಮ ತರಗತಿಗೆ ಜೀವವಿಕಾಸದ ಪಾಠ ಬಂತು. ಕಲ್ಲಾಗಿ ಉಳಿದ ಎಲುಬುಗಳ ಚಿತ್ರ ತೋರಿಸುತ್ತಿದ್ದ ಅಪ್ಪನಿಗೆ ಹಿಂದಿನ ಸಾಲಿನಿಂದ ಒಬ್ಬ ಕೇಳಿದ, “ಜೀವಿ ಬದಲಾಗೂದನ್ನ ಯಾರರ ಕಣ್ಣಾರೆ ನೋಡ್ಯಾರೇನ್ರಿ ಸರ್?”

ಅಪ್ಪ ಪುಸ್ತಕ ಮುಚ್ಚಿದರು.

“ನಾ ನೋಡೀನಿ,” ಎಂದರು. “ನಮ್ಮ ಮನ್ಯಾಗ.”

ನಾನು ತಲೆ ತಗ್ಗಿಸಿ ಕೂತಿದ್ದೆ.

ಅಪ್ಪ, ಅಜ್ಜಿ ಈಗ ಇಲ್ಲ. ನನಗೆ ಗಿರಿಜತ್ತಿಗಿಂತ ಎಷ್ಟೋ ಹೆಚ್ಚು ವಯಸ್ಸಾಗಿದೆ. ಕನಸಿಗೆ ಬಂದಾಗ ಅವಳು ನನಗೆ ಅತ್ತಿಯಂತೆ ಕಾಣುವುದಿಲ್ಲ; ಮದುವೆಯ ವಯಸ್ಸಿಗೆ ಬಂದ ಮಗಳಂತೆ ಕಾಣುತ್ತಾಳೆ.