ಸನ್ನಿಯಲ್ಲ, ಇದ್ದಿಲು

“ಬಾಣಂತಿ ತಣ್ಣೀರ ಕುಡದ್ಲು, ಸನ್ನಿ ಹಿಡೀತು.” ನನ್ನ ಮಗಳು ಶೋಭಾಳ ಅತ್ತೆ ಹುಕ್ಕೇರಿಯ ಸಂತೆಯಲ್ಲಿ ಸಿಕ್ಕವರಿಗೆಲ್ಲ ಹೇಳುತ್ತಿರುವ ಮಾತಿದು. ಬುದ್ಧಿ ಕೆಟ್ಟ ಸೊಸೆಯನ್ನು ತಿರುಗಿ ಕರೆದುಕೊಳ್ಳುವುದಿಲ್ಲ ಎಂಬುದು ಅದರ ಬಾಲ.

ಸುಳ್ಳು.

ಹೆರಿಗೆಗೆಂದು ನಾಗನೂರಿನ ನಮ್ಮ ಮನೆಗೆ ಬಂದಿದ್ದ ಶೋಭಾಳಿಗೆ ಹೆರಿಗೆಯಾದ ಹದಿನೈದನೆಯ ದಿನ ತಲೆನೋವು ಶುರುವಾಯಿತು. “ಅಪ್ಪಾ, ತಲಿ ಸಿಡ್ಯಾಕತ್ತೈತಿ. ಹೊರಗ ಬಿಸಿಲಾಗ ಕುಂದ್ರತೇನಿ,” ಎಂದಳು.

“ಬಾಣಂತಿ ಗಾಳಿಗೆ ಕುಂದ್ರತಾಳೇನ? ನಿಮ್ಮತ್ತಿಗೆ ಗೊತ್ತಾದ್ರ ನನ್ನ ಗಡ್ಡಾ ಹಿಡೀತಾಳ,” ಎಂದು ಬಾಗಿಲೆಳೆದೆ.

ಆ ಚಳಿಗಾಲ ನಮ್ಮಲ್ಲಿ ಉರುವಲಿರಲಿಲ್ಲ. ಸಿಲಿಂಡರ್ ತುಂಬಿಸುವ ಶಕ್ತಿಯಿರಲಿಲ್ಲ. ಎಮ್ಮೆ ಮಾರಿದ ಮೇಲೆ ಸಗಣಿಯ ಕುಳ್ಳೂ ಇಲ್ಲ. ಬದುವಿನ ಜಾಲಿಗಿಡಗಳನ್ನು ಕಬ್ಬು ನುಂಗಿತ್ತು. ಬಾಣಂತಿಯ ಹೊರಸಿನ ಕೆಳಗೆ ಕೆಂಡವಿಡುವುದು ನಮ್ಮ ಪದ್ಧತಿ. ಹಿಂದಿನವರು ಅಂಗಳದಲ್ಲಿ ಉರಿಸಿ, ಹೊಗೆಯೆಲ್ಲ ಹೋದ ಮೇಲೆ ಕೆಂಡವನ್ನಷ್ಟೇ ಒಳಗೆ ತರುತ್ತಿದ್ದರು. ಅಷ್ಟು ಬೆಂಕಿ ಹೊರಗೆ ಪೋಲಾಗುವುದನ್ನು ನಾವು ಸಹಿಸದಾದೆವು. ಕಮ್ಮಾರನಿಂದ ತಂದ ಇದ್ದಿಲನ್ನು ಕೋಣೆಯೊಳಗೇ ಹೊತ್ತಿಸಿದೆವು. ಕಾವು ಉಳಿಯಲೆಂದು ಮಾಳಿಗೆಯ ಬೆಳಕಿಂಡಿಗೆ ಗೊಬ್ಬರದ ಖಾಲಿ ಚೀಲ ತುರುಕಲಾಯಿತು. ಹೊಗೆ ಕಾಣಲಿಲ್ಲ. ಅದಕ್ಕೇ ಹೆದರಲಿಲ್ಲ.

ತಲೆನೋವು ಶುರುವಾದ ಮೂರನೆಯ ಬೆಳಗು, ನನ್ನ ಹೆಂಡತಿ ಮಗುವನ್ನು ಬಿಸಿಲಿಗೆ ಎತ್ತಿಕೊಂಡು ಹೋಗಿದ್ದಾಗ, ಶೋಭಾಳ ಕೈಕಾಲು ಸೆಟೆದವು.

ಕರೆದರೆ ಓಗೊಡಲಿಲ್ಲ.

ಗೋಕಾಕದ ಆಸ್ಪತ್ರೆಯಲ್ಲಿ ಎರಡು ದಿನ ಐಸಿಯು, ಆಕ್ಸಿಜನ್. ಎಚ್ಚರವಾದೊಡನೆ, “ಕೂಸು ಎಲ್ಲೈತಿ?” ಎಂದಳು. ಬುದ್ಧಿ ಕೆಟ್ಟವಳು ಕೇಳುವ ಮಾತೇ ಅದು?

ಡಾಕ್ಟರು ನನ್ನನ್ನು ಕರೆದರು. “ಅಜ್ಜಾರ, ಖೋಲಿಗೆ ಗಾಳಿ ಬರಾಕ ಹಾದಿ ಇತ್ತೇನ್ರಿ?”

“ಬೆಳಕಿಂಡಿ ಇತ್ತರಿ. ಮುಚ್ಚಿತ್ತರಿ.”

“ಮುಚ್ಚಿದವ್ರು ಯಾರ್ರಿ?”

ಹೆಂಡತಿಯ ಹೆಸರು ಹೇಳುವ ಸುಳ್ಳು ನಾಲಿಗೆಯ ತುದಿಗೆ ಬಂದಿತ್ತು. ನುಂಗಿದೆ. “ನಾನರಿ,” ಎಂದೆ. ಅವರು ಬರೆದುಕೊಂಡರು.

ಮಗಳು ಉಳಿದಳು. ಮೊಮ್ಮಗಳು ತಾಯಿಯ ಹಾಲನ್ನೇ ಕುಡಿಯುತ್ತಿದ್ದಾಳೆ. ಅಷ್ಟಕ್ಕೆ ಕೈಮುಗಿದಿದ್ದೇನೆ. ಶೋಭಾಳ ಅತ್ತೆಯನ್ನು ಕ್ಷಮಿಸಬೇಕು ಎಂದು ಹಿರಿಯರು ಹೇಳುತ್ತಾರೆ. ಕ್ಷಮೆ ನನ್ನಲ್ಲಿಲ್ಲ, ನನಗೂ ಅದು ಬೇಡ. ಬರುವ ಸಂತೆಯ ದಿನ, ಆ ಅತ್ತೆ ನಿಂತು ಹೇಳಿದ ಜಾಗದಲ್ಲೇ ನಿಂತು, ಡಿಸ್ಚಾರ್ಜ್ ಸಮರಿಯನ್ನು ಗಟ್ಟಿಯಾಗಿ ಓದುತ್ತೇನೆ.

ಪ್ರತಿ ತೆಗೆಸಲು ಹೋದಾಗ ಝೆರಾಕ್ಸ್ ಅಂಗಡಿಯವನು ಅದನ್ನೋದಿ, “ಕಾಕಾ, ಈ ಕಡೀ ಸಾಲು ಕಾಣದಂಗ ಮ್ಯಾಲ ಒಂದ ಚೀಟಿ ಇಡ್ಲೇನ್ರಿ?” ಎಂದ.

“ಬ್ಯಾಡ. ಅದs ದಪ್ಪ ಕಾಣೂವಂಗ ತೆಗಿ.”

ಮೂಲಪ್ರತಿ ನಮ್ಮ ಪಡಸಾಲೆಯಲ್ಲಿದೆ. ಯಾರು ಬೇಕಾದರೂ ಬಂದು ನೋಡಬಹುದು. ರೋಗ: ಕಾರ್ಬನ್ ಮೊನಾಕ್ಸೈಡ್ ಪಾಯ್ಸನಿಂಗ್. ಕಾರಣ: ಮುಚ್ಚಿದ ಕೋಣೆಯಲ್ಲಿ ಇದ್ದಿಲು. ಗಾಳಿಯ ಕಿಂಡಿ ಮುಚ್ಚಿದವರು: ರೋಗಿಯ ತಂದೆ.